ಮೇಷ್ಟ್ರಿಗೆ ಹತ್ತು ಜನ ಬೇಕಾಗಿದ್ದಾರೆ

ನಮ್ಮ ಮನೆಗೂ ಮೇಷ್ಟ್ರ ಮನೆಗೂ ನಡುವೆ ಗೋಡೆ ಇಲ್ಲ, ದಾಸವಾಳದ ಬೇಲಿ ಇದೆ. ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಆ ಕಡೆಯಿಂದ ಅವರು ಬರುತ್ತಾರೆ, ಈ ಕಡೆಯಿಂದ ನಾನು. ಊರಿನ ಅರ್ಧ ಸುದ್ದಿ ನನಗೆ ಸಿಗುವುದು ಅಲ್ಲೇ. ಜೂನ್ ಕೊನೆಯ ವಾರದ ಮಾತು. ರಾತ್ರಿಯೆಲ್ಲ ಹೊಡೆದ ಮಳೆ ಬೆಳಗಿನ ಜಾವ ಸ್ವಲ್ಪ ಹೊಳವಾಗಿತ್ತು. ಮೇಷ್ಟ್ರು ಬೇಲಿಯ ಹತ್ತಿರ ಸುಮ್ಮನೆ ನಿಂತಿದ್ದರು. ಬುಟ್ಟಿಯಲ್ಲಿ ನಾಲ್ಕೇ ಹೂ.

"ಯಾಕೆ ಮೇಷ್ಟ್ರೇ, ಮುಖ ಸಪ್ಪಗಿದೆ? ಹುಷಾರಿಲ್ವಾ?"

"ಹುಷಾರಾಗೇ ಇದ್ದೀನಮ್ಮ. ಜುಲೈ ಒಂದಕ್ಕೆ ಕ್ಲಬ್ಬಿನ ಅಧ್ಯಕ್ಷಗಿರಿ ನನ್ನ ತಲೆಗೆ ಬರುತ್ತೆ. ಐದು ವರ್ಷದ ಹಿಂದೆ ನಲವತ್ತೆರಡು ಜನ ಇದ್ವಿ, ಈಗ ಇಪ್ಪತ್ತಾರು. ಮೀಟಿಂಗಿಗೆ ಬರೋರು ಹನ್ನೊಂದು. ಅದರಲ್ಲಿ ನಲವತ್ತು ದಾಟದವನು ಒಬ್ಬನೇ ಒಬ್ಬ. ಈ ವರ್ಷ ಹತ್ತು ಜನ ಹೊಸಬರು ಸೇರಲೇಬೇಕು ಅಂತ ಮೇಲಿನವರು ಹೇಳಿದಾರೆ. ಯಾರನ್ನ ಕೇಳಿದ್ರೂ ಟೈಮಿಲ್ಲ ಸಾರ್ ಅಂತಾರೆ."

ಕ್ಲಬ್ಬಿನ ಹೆಸರು ಇಲ್ಲಿ ಬೇಡ. ರೋಟರಿ, ಲಯನ್ಸ್, ಜೇಸೀಸ್ ಎಂದು ಊರೂರಲ್ಲಿ ಇರುವ ಸೇವಾ ಕ್ಲಬ್ಬುಗಳಲ್ಲಿ ಇದೂ ಒಂದು. ನಮ್ಮಂಥ ತಾಲ್ಲೂಕು ಊರುಗಳಲ್ಲಿ ಎಲ್ಲ ಕ್ಲಬ್ಬುಗಳ ಕಥೆಯೂ ಹೆಚ್ಚು ಕಡಿಮೆ ಒಂದೇ.

ಮೇಷ್ಟ್ರ ಹತ್ತಿರ ಮುಚ್ಚುಮರೆ ಮಾಡುವ ಅಭ್ಯಾಸ ನನಗಿಲ್ಲ. "ಬೇಜಾರು ಮಾಡ್ಕೋಬೇಡಿ. ಕ್ಲಬ್ ಅಂದ್ರೆ ದುಡ್ಡಿದ್ದವರು ಸೇರಿ ಊಟ ಮಾಡಿ, ಶಾಲು ಹೊದಿಸಿಕೊಂಡು ಫೋಟೋ ತೆಗೆಸಿಕೊಳ್ಳೋ ಜಾಗ ಅಂತ ಊರವರ ಲೆಕ್ಕ" ಎಂದೆ.

ಅವರಿಗೆ ನೋವಾಯಿತು. ಮೂವತ್ತು ವರ್ಷ ಅದರಲ್ಲಿ ದುಡಿದವರು. ಬುಟ್ಟಿಯನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿ, ಪಾಠ ಮಾಡುವ ದನಿಯಲ್ಲಿ ಶುರು ಮಾಡಿದರು. "ಶುರುವಾದದ್ದು ದುಡ್ಡಿದ್ದವರಿಂದ ಅಲ್ಲಮ್ಮ. 1905ರ ಫೆಬ್ರವರಿ 23, ಶಿಕಾಗೋ. ಪಾಲ್ ಹ್ಯಾರಿಸ್ ಅಂತ ವಕೀಲ. ಚಿಕ್ಕ ಊರಲ್ಲಿ ಬೆಳೆದವನು, ದೊಡ್ಡ ಪಟ್ಟಣದಲ್ಲಿ ಮಾತಾಡಿಸೋರಿಲ್ಲದೆ ಒಂಟಿಯಾಗಿದ್ದ. ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ಟೈಲರ್, ಈ ಮೂವರನ್ನ ಸೇರಿಸಿಕೊಂಡ. ಒಂದೊಂದು ಸಲ ಒಬ್ಬೊಬ್ಬರ ಆಫೀಸಲ್ಲಿ, ಸರದಿ ಪ್ರಕಾರ ಸೇರೋರು. ಅದಕ್ಕೇ ರೋಟರಿ ಅಂತ ಹೆಸರು. ಊರಿಗೆ ಅಂತ ಅವರು ಮಾಡಿದ ಮೊದಲ ದೊಡ್ಡ ಕೆಲಸ ಏನು ಗೊತ್ತಾ? ಸಾರ್ವಜನಿಕ ಶೌಚಾಲಯ! 1907ರಲ್ಲಿ ಅದಕ್ಕೆ ಕೈ ಹಾಕಿದರು."

ನನಗೆ ಇದು ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಪಕ್ಕದ ಮನೆಯಲ್ಲಿದ್ದೇನೆ, ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ. ಟೈಲರ್ ಒಬ್ಬ ಆ ಮೊದಲ ನಾಲ್ವರಲ್ಲಿ ಇದ್ದನೆಂಬುದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ನಮ್ಮೂರ ಕ್ಲಬ್ಬಿನಲ್ಲಿ ಟೈಲರ್ ಇಲ್ಲ. ಗ್ಯಾರೇಜಿನವನಿಲ್ಲ, ಎಲೆಕ್ಟ್ರಿಷಿಯನ್ ಇಲ್ಲ. ಊರಿನ ಯಾವ ಕೆಲಸ ಕೆಟ್ಟರೂ ಕೈ ಹಾಕಿ ಸರಿಮಾಡುವವರೇ ಅಲ್ಲಿಲ್ಲ.

ಫೋಟೋದ ಮಾತು ಬಂತಲ್ಲ, ಅದನ್ನೂ ಹೇಳಿದೆ. ಕೆಲವು ವರ್ಷದ ಹಿಂದೆ ನಮ್ಮಣ್ಣ ಆಸ್ಪತ್ರೆಯಲ್ಲಿದ್ದ. ಯಾವುದೋ ಸಂಘದವರು ಹಣ್ಣು ಹಂಚಲು ಬಂದರು. ಎಂಟು ಜನ, ಹಿಂದೆ ಬ್ಯಾನರ್. ಅಣ್ಣನ ಬಲಗೈಗೆ ಡ್ರಿಪ್ ಹಾಕಿತ್ತು. ಎದ್ದು ಕೂರಿ ಎಂದರು. ಎಡಗೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿಸಿದರು. ಬ್ಯಾನರ್ ಮಡಚಿಕೊಂಡಿದೆ, ಇನ್ನೊಂದು ಸಲ ಎಂದರು. ಅವನಿಗೆ ಸಕ್ಕರೆ ಕಾಯಿಲೆ, ಆ ಹಣ್ಣು ತಿನ್ನುವ ಹಾಗೇ ಇರಲಿಲ್ಲ. ಅವರು ಹೋದ ಮೇಲೆ ಅಣ್ಣ ಗೋಡೆ ಕಡೆ ತಿರುಗಿ ಮಲಗಿದ. ಮಾರನೆಯ ದಿನ ಪೇಪರಿನಲ್ಲಿ ಅವನ ಮುಖ ಬಂತು. ಕೊಡುವ ಕೈ ಎಂಥದೇ ಇರಲಿ, ತೆಗೆದುಕೊಳ್ಳುವವನ ಮಾನ ಹೋಗಬಾರದು. ಅವತ್ತಿನಿಂದ ನನಗೆ ಬ್ಯಾನರ್ ಕಂಡರೆ ಆಗುವುದಿಲ್ಲ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ.

"ಆದರೆ ಮೇಷ್ಟ್ರೇ, ನಿಮ್ಮ ಕ್ಲಬ್ಬಿನ ಮೇಲೆ ನನಗಿರೋ ಗೌರವ ಯಾವತ್ತೂ ಹೋಗಲ್ಲ. ಯಾಕೆ ಅಂತ ನಿಮಗೂ ಗೊತ್ತು" ಎಂದೆ.

ಆಗಸ್ಟ್ ತಿಂಗಳ ಒಂದು ರಾತ್ರಿ ನಮ್ಮ ಮಾವ ತೀರಿಕೊಂಡರು. ಹೊರಗೆ ಬಿಡದೆ ಮಳೆ. ಭಾವ ದೂರದ ಊರಿಂದ ಬರಲು ಮರುದಿನ ಸಂಜೆಯಾಗುತ್ತಿತ್ತು. ಮನೆಯವರಿಗೆ ದಿಕ್ಕು ತೋಚದೆ ಮೇಷ್ಟ್ರ ಬಾಗಿಲು ತಟ್ಟಿದರು. ಅವರು ಒಂದು ಫೋನ್ ಮಾಡಿದರು, ಅಷ್ಟೇ. ರಾತ್ರಿ ಎರಡು ಗಂಟೆಗೆ ಟೆಂಪೋದಲ್ಲಿ ಫ್ರೀಜರ್ ಪೆಟ್ಟಿಗೆ ಬಂತು. ಹಾರ್ಡ್‌ವೇರ್ ಅಂಗಡಿಯವರು ಮತ್ತು ಮೆಡಿಕಲ್ ಶಾಪಿನ ಹುಡುಗ. ಇಬ್ಬರೂ ನೆನೆದು ತೊಪ್ಪೆಯಾಗಿದ್ದರು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು, ಪೆಟ್ಟಿಗೆಯನ್ನು ಎಲ್ಲಿಗೂ ತಾಗದ ಹಾಗೆ ಓರೆ ಮಾಡಿ ಒಳಗೆ ತಂದರು. ಸ್ಟೆಬಿಲೈಸರ್ ಹಾಕಿ, ವೋಲ್ಟೇಜ್ ನೋಡಿ, ಗಾಜಿನ ಮೇಲೆ ಕೂತ ತೇವವನ್ನು ಒಣ ಬಟ್ಟೆಯಲ್ಲಿ ಒರೆಸಿ ಮಾವನ ಮುಖ ಕಾಣುವ ಹಾಗೆ ಮಾಡಿದರು. ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದರು. "ಕರೆಂಟ್ ಹೋದರೆ ಎಷ್ಟು ಹೊತ್ತಾದರೂ ಫೋನ್ ಮಾಡಿ ಅಕ್ಕ, ಜನರೇಟರ್ ತರ್ತೀವಿ" ಎಂದು ನನ್ನ ಕೈಗೆ ನಂಬರ್ ಕೊಟ್ಟು ಮಳೆಯಲ್ಲೇ ಹೋದರು. ಬಾಡಿಗೆ ಕೇಳಲಿಲ್ಲ. ಪೆಟ್ಟಿಗೆಯ ಬದಿಯಲ್ಲಿ ಕ್ಲಬ್ಬಿನ ಲಾಂಛನದ ಸ್ಟಿಕರ್ ಅರ್ಧ ಕಿತ್ತುಹೋಗಿತ್ತು. ವೈಕುಂಠ ಸಮಾರಾಧನೆ ಮುಗಿದ ಮೇಲೆ ನಾವಾಗಿಯೇ ಒಂದಿಷ್ಟು ದುಡ್ಡು ಕೊಟ್ಟಾಗ ರಸೀದಿ ಬರೆದುಕೊಟ್ಟರು.

ಆ ಪೆಟ್ಟಿಗೆ ತಿಂಗಳಿಗೆ ಐದಾರು ಮನೆಗೆ ಹೋಗುತ್ತದೆ. ಜಾತಿ ಕೇಳದೆ, ಪಕ್ಷ ಕೇಳದೆ. ಒಂದು ಸಂಸ್ಥೆಗೆ ಹೆಸರು ಬರುವುದು ಅಂದರೆ ನನ್ನ ಪಾಲಿಗೆ ಇದೇ. ನಮ್ಮ ಮನೆಯವರು ಅವತ್ತಿನಿಂದ ಆ ಕ್ಲಬ್ಬಿನ ಬಗ್ಗೆ ಒಂದು ಹಗುರವಾದ ಮಾತು ಆಡಿದವರಲ್ಲ, ಆಡಿದವರನ್ನು ಬಿಟ್ಟವರೂ ಅಲ್ಲ.

ಪೋಲಿಯೊ ಭಾನುವಾರಗಳೂ ನೆನಪಾದವು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಸಾಗರ, ಸೊರಬದ ಕಡೆಯ ಬಸ್ಸು ಹತ್ತಿ, ಸೀಟು ಸೀಟಿಗೆ ಬಗ್ಗಿ ಪುಟ್ಟ ಮಕ್ಕಳನ್ನು ಹುಡುಕುತ್ತಿದ್ದರು. ಕೆಳಗೆ ಅಂಗನವಾಡಿ ಟೀಚರ್ ನೀಲಿ ಡಬ್ಬಿ ಹಿಡಿದಿರುತ್ತಿದ್ದರು, ಒಳಗೆ ಐಸ್ ಪ್ಯಾಕಿನ ನಡುವೆ ಲಸಿಕೆಯ ಪುಟ್ಟ ಶೀಶೆ. ಎರಡು ಹನಿ ಬಾಯಿಗೆ, ಎಡಗೈಯ ಕಿರುಬೆರಳಿಗೆ ಕಪ್ಪು ಗುರುತು. ನನ್ನ ಮಗ ಆ ಗುರುತನ್ನು ವಾರವಿಡೀ ತೋರಿಸಿಕೊಂಡು ತಿರುಗಿದ್ದ.

ರೋಟರಿ ಈ ಪಿಡುಗಿನ ಹಿಂದೆ ಬಿದ್ದದ್ದು 1985ರಲ್ಲಿ. 1988ರ ಹೊತ್ತಿಗೆ 125 ದೇಶಗಳಲ್ಲಿ ಪೋಲಿಯೊ ಇತ್ತು, ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ತಗಲುತ್ತಿತ್ತು. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. 2014ರ ಮಾರ್ಚ್ 27ರಂದು ನಮ್ಮ ದೇಶವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶಕ್ಕೆ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಸರ್ಕಾರ, ಆರೋಗ್ಯ ಇಲಾಖೆ, ಆಶಾ, ಅಂಗನವಾಡಿಯ ಹೆಣ್ಣುಮಕ್ಕಳು ಎಲ್ಲರೂ ದುಡಿದದ್ದು ನಿಜ. ಕ್ಲಬ್ಬಿನವರು ಅವರ ಜೊತೆ ಬಿಸಿಲಿಗೆ ನಿಂತದ್ದೂ ಅಷ್ಟೇ ನಿಜ. ನನ್ನ ಜೊತೆ ಓದಿದ ಒಬ್ಬ ಹುಡುಗಿ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡು ಶಾಲೆಗೆ ಬರುತ್ತಿದ್ದಳು, ನಡೆದರೆ ಕಟಕಟ ಸದ್ದು. ನನ್ನ ಮಗನಿಗೆ ಆ ಸದ್ದು ಗೊತ್ತಿಲ್ಲ. ರೋಗವೇ ಕಾಣದ ಮೇಲೆ ಅದನ್ನು ಓಡಿಸಿದವರ ನೆನಪು ಯಾರಿಗಿರುತ್ತದೆ? ಅದನ್ನು ಹೇಳಬೇಕಾದವರು ಕ್ಲಬ್ಬಿನವರೇ. ಅವರು ಪದಗ್ರಹಣದ ಸುದ್ದಿಯನ್ನಷ್ಟೇ ಪೇಪರಿಗೆ ಕೊಡುತ್ತಾರೆ.

"ಹೈಸ್ಕೂಲಿಗೆ ಹೋಗಿ ಈ ಕಥೆ ಹೇಳಿ ಮೇಷ್ಟ್ರೇ. ನೀವು ಹೇಳಿದರೆ ಮಕ್ಕಳು ಕೇಳ್ತಾರೆ."

"ಹೇಳಬಹುದಮ್ಮ. ಆದರೆ ಮಕ್ಕಳು ಮೆಂಬರಾಗಲ್ವಲ್ಲ. ನನಗೆ ಹತ್ತು ಜನ ಬೇಕು."

ಆಗ ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಕೇಳಿದೆ. "ಇಷ್ಟು ವರ್ಷದಲ್ಲಿ ನೀವು ನನ್ನನ್ನ ಯಾಕೆ ಕೇಳಲಿಲ್ಲ?"

"ನಿಮ್ಮ ಯಜಮಾನರನ್ನ ಎರಡು ಸಲ ಕೇಳಿದ್ದೆನಲ್ಲಮ್ಮ!"

"ಅವರನ್ನ ಕೇಳಿದ್ರಿ. ನನ್ನನ್ನ?"

ಮೇಷ್ಟ್ರು ದಾಸವಾಳದ ಎಲೆ ನೋಡುತ್ತಾ ನಿಂತರು. ಒಳ್ಳೆಯ ಮನುಷ್ಯ, ಕೆಟ್ಟದ್ದೆಣಿಸಿ ಬಿಟ್ಟದ್ದಲ್ಲ. ಹೊಳೆದೇ ಇರಲಿಲ್ಲ. ಲಯನ್ಸ್ ಸಂಸ್ಥೆ ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಶುರು ಮಾಡಿದ್ದು 1987ರಲ್ಲಿ. ಅದೇ ವರ್ಷ ಅಮೆರಿಕದ ಸುಪ್ರೀಂ ಕೋರ್ಟು ರೋಟರಿಯ ಒಂದು ಮೊಕದ್ದಮೆಯಲ್ಲಿ ಹೆಂಗಸರ ಪರವಾಗಿ ತೀರ್ಪು ಕೊಟ್ಟಿತು, 1989ರಲ್ಲಿ ರೋಟರಿಯ ನಿಯಮವೇ ಬದಲಾಯಿತು. 2022ರಲ್ಲಿ ಜೆನ್ನಿಫರ್ ಜೋನ್ಸ್ ಅದರ ಅಂತರರಾಷ್ಟ್ರೀಯ ಅಧ್ಯಕ್ಷೆಯೂ ಆದರು. ನಮ್ಮೂರಿನ ಇಪ್ಪತ್ತಾರು ಜನರಲ್ಲಿ ಮಾತ್ರ ಹೆಂಗಸರು ಇಬ್ಬರೇ. ಸ್ತ್ರೀಶಕ್ತಿ ಸಂಘದ ಲೆಕ್ಕವನ್ನು ಒಂದು ರೂಪಾಯಿ ಆಚೀಚೆಯಾಗದ ಹಾಗೆ ಇಡುವ ಹೆಂಗಸರು ಇದೇ ಬೀದಿಯಲ್ಲಿ ನಾಲ್ಕು ಜನ ಇದ್ದಾರೆ. ಬ್ಯಾಂಕ್ ಮ್ಯಾನೇಜರ್ ಹೆಂಗಸು. ಸರ್ಕಾರಿ ಆಸ್ಪತ್ರೆಯ ಮಕ್ಕಳ ಡಾಕ್ಟರೂ ಹೆಂಗಸೇ. ಅವರನ್ನು ಕರೆದವರಿಲ್ಲ.

ಬರಲೇಬೇಕು ಎಂದರೂ ಬರುವ ಹಾಗೆ ಇಟ್ಟಿದ್ದಾರೆಯೇ? ಮೀಟಿಂಗು ರಾತ್ರಿ ಎಂಟೂವರೆಗೆ, ಊರಾಚೆಯ ಹೋಟೆಲಿನಲ್ಲಿ. ಊಟದ ಖರ್ಚು ಬೇರೆ, ವರ್ಷದ ಚಂದಾ ಬೇರೆ. ಈಗ ತಾನೇ ಅಂಗಡಿ ಹಾಕಿದ ಹುಡುಗನಿಗೆ ಅದು ಎಲ್ಲಿಂದ ಆಗಬೇಕು? "ಸಂಜೆ ಆರಕ್ಕೆ ಇಡಿ ಮೇಷ್ಟ್ರೇ. ಶಾಲೆಯ ಕೋಣೆ ಸಾಕು. ಕಾಫಿ, ಅವಲಕ್ಕಿ ಸಾಕು" ಎಂದೆ. ಅವರೇ ಯೋಚಿಸಿ, "ರೋಟರಿಯವರು 2016ರಲ್ಲಿ ವಾರ ವಾರ ಸೇರಲೇಬೇಕು ಅನ್ನೋದನ್ನ ಸಡಿಲ ಮಾಡಿದರು, ತಿಂಗಳಿಗೆ ಎರಡು ಸಲ ಸೇರಿದರೂ ಆಯ್ತು ಅಂದರು. ನಾವೂ ಹಾಗೆ ಮಾಡಬಹುದು" ಎಂದರು.

ಸೇರಿದವರು ಬಿಟ್ಟುಹೋಗುವುದರ ಬಗ್ಗೆಯೂ ಮಾತಾಯಿತು. ಮೆಡಿಕಲ್ ಶಾಪಿನ ಹುಡುಗನೇ ಈಗ ಕ್ಲಬ್ಬಿನಲ್ಲಿಲ್ಲ. ಸೇರಿದ ದಿನ ಕೋಟಿಗೆ ಪಿನ್ ಚುಚ್ಚಿ ಚಪ್ಪಾಳೆ ತಟ್ಟಿದ್ದರು. ಪೆಟ್ಟಿಗೆ ಹೊರುವುದನ್ನು ಅವನಾಗಿಯೇ ಹಚ್ಚಿಕೊಂಡಿದ್ದ. ಹೇಗಿದ್ದೀಯಪ್ಪ, ಏನು ಮಾಡಬೇಕು ಅಂತಿದ್ದೀಯ ಎಂದು ಎರಡು ವರ್ಷದಲ್ಲಿ ಯಾರೂ ಕೇಳಲಿಲ್ಲವಂತೆ. ಹೊಸ ಹತ್ತು ಜನರಿಗಿಂತ ಮೊದಲು ಅವನ ಮನೆಗೆ ಹೋಗಬೇಕು ಎಂದು ನಾನು ಹಟ ಹಿಡಿದೆ. ಮೇಷ್ಟ್ರು ಅವತ್ತು ಸಂಜೆಯೇ ಕೊಡೆ ಹಿಡಿದು ಹೋಗಿಬಂದರು.

ಇನ್ನೊಂದು ಉಳಿದಿತ್ತು. ಪೇಟೆಯಲ್ಲಿ ಕ್ಲಬ್ಬಿನವರು ಕಟ್ಟಿಸಿದ ಬಸ್ ತಂಗುದಾಣವಿದೆ. ಮುಂದೆ ದಪ್ಪ ಅಕ್ಷರದಲ್ಲಿ ಹೆಸರು, ಕೆಳಗೆ ಅಂದಿನ ಪದಾಧಿಕಾರಿಗಳ ಪಟ್ಟಿ. ಮಾಡಿನ ಎರಡು ಶೀಟು ಒಡೆದು, ಮಳೆಗಾಲದಲ್ಲಿ ಜನ ಒಳಗೂ ಕೊಡೆ ಬಿಚ್ಚಿಕೊಂಡೇ ನಿಲ್ಲಬೇಕು. "ದಿನಕ್ಕೆ ನೂರಾರು ಜನ ನಿಮ್ಮ ಹೆಸರಿನ ಕೆಳಗೆ ನೆನೀತಾರೆ ಮೇಷ್ಟ್ರೇ. ಹೊಸ ಫ್ಲೆಕ್ಸ್ ಏನೂ ಬೇಡ, ಮೊದಲು ಇದನ್ನ ಸರಿಮಾಡಿ."

ಜುಲೈ ಮೊದಲ ಭಾನುವಾರ ಮಧ್ಯಾಹ್ನದವರೆಗೆ ಮಳೆ ಬಿಡುವು ಕೊಟ್ಟಿತು. ಹಾರ್ಡ್‌ವೇರ್ ಅಂಗಡಿಯವರು ಎರಡು ಶೀಟು, ಜೆ ಬೋಲ್ಟ್, ವಾಷರ್ ತಂದರು. ಗ್ಯಾರೇಜಿನ ಹುಡುಗ ಏಣಿ ಹತ್ತಿದ. ಮೆಡಿಕಲ್ ಶಾಪಿನವನು ಕೆಳಗೆ ಏಣಿ ಹಿಡಿದ. ನಾನು, ಬ್ಯಾಂಕ್ ಮ್ಯಾನೇಜರ್, ಬೀದಿಯ ಇಬ್ಬರು ಹೆಂಗಸರು ಒಳಗಿನ ಕಲ್ಲುಬೆಂಚಿನ ಪಾಚಿ ತಿಕ್ಕಿ ತೊಳೆದೆವು. ಬಸ್ಸಿಗೆ ಕಾದಿದ್ದ ಕಾಲೇಜು ಹುಡುಗನೊಬ್ಬ ಬ್ಯಾಗು ಇಳಿಸಿ, ಕೇಳದೆಯೇ ನೀರು ಹೊತ್ತುಕೊಟ್ಟ. ಮೇಷ್ಟ್ರು ಅವನ ಹೆಸರು, ಫೋನ್ ನಂಬರ್ ಬರೆದುಕೊಂಡರು.

ಈ ಹೊತ್ತಿಗೆ ನನ್ನನ್ನೂ ಸೇರಿ ಆರು ಜನ ಹೊಸಬರಾಗಿದ್ದೇವೆ. ತಂಗುದಾಣ ಸೋರುತ್ತಿಲ್ಲ. ಮೇಷ್ಟ್ರಿಗೆ ಇನ್ನೂ ನಾಲ್ಕು ಜನ ಬೇಕು. ನಿಮ್ಮೂರಿನ ಕ್ಲಬ್ಬಿಗೂ ಜನ ಬೇಕಾಗಿರುತ್ತಾರೆ. ಅವರು ಬಂದು ಕರೆಯಲಿ ಎಂದು ಕಾಯಬೇಡಿ, ನೀವೇ ಹೋಗಿ ಕೇಳಿ.