ಎಂಬತ್ತೊಂದು ರಬ್ಬರಿನ ಕ್ಯಾಮೆರಾ

ಜೂನ್ ಬಂತೆಂದರೆ ಬೆಂಗಳೂರಿನ ಹುಡುಗರಿಗೆ ಆಗುಂಬೆಯ ಹುಚ್ಚು. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಗಾಗುವಷ್ಟರಲ್ಲಿ ಘಾಟಿಯ ಅಂಚಿನಲ್ಲಿ ಹಾಜರು. ಕೊರಳಲ್ಲಿ ಕಂತಿನ ಮೇಲೆ ಕೊಂಡ ಕ್ಯಾಮೆರಾ, ಅದರ ತಲೆಗೆ ಲಾಡ್ಜಿನಲ್ಲಿ ಎತ್ತಿಕೊಂಡ ಶವರ್ ಕ್ಯಾಪು. ಮಳೆ ನಿಲ್ಲಲಿ ಎಂದು ಕಾಯುತ್ತಾರೆ, ಪಾಪ. ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಊರಲ್ಲಿ ಮಳೆ ನಿಲ್ಲಲೆಂದು ಕಾಯುವವನು ದೀಪಾವಳಿಯ ತನಕ ರಜೆ ಹಾಕಿ ಬರಬೇಕು.

ಆ ಗುಂಪಿನಲ್ಲಿ ಒಬ್ಬ ಮಾತ್ರ ಶವರ್ ಕ್ಯಾಪಿನ ಗೊಡವೆಯಿಲ್ಲದೆ, ತಾನೂ ನೆನೆದು ಕ್ಯಾಮೆರಾವನ್ನೂ ನೆನೆಸಿಕೊಂಡು, ಮೀಸೆಯಡಿಯಲ್ಲಿ ನಗುತ್ತ ನಿಂತಿರುತ್ತಾನೆ. ಅವನನ್ನು ಮಾತಾಡಿಸಬೇಡಿ. ಮಾತಾಡಿಸಿದಿರೋ, 'ಪೆಂಟಾಕ್ಸ್ ಕೆ-50, ಒಳಗೆ ಎಂಬತ್ತೊಂದು ಸೀಲು' ಎಂದು ಶುರು ಹಚ್ಚಿಕೊಂಡವನು ಸೋಮೇಶ್ವರ ತಲುಪುವವರೆಗೂ ಬಿಡುವುದಿಲ್ಲ.

ಅವನು ಹೇಳುವುದರಲ್ಲಿ ಸುಳ್ಳಿಲ್ಲ, ಅದೇ ತೊಂದರೆ. 2013ರಲ್ಲಿ ಬಂದ ಈ ಕ್ಯಾಮೆರಾದ ಗುಂಡಿ, ಡಯಲು, ಬ್ಯಾಟರಿಯ ಬಾಗಿಲು, ಕಾರ್ಡಿನ ಬಾಗಿಲು, ಹೀಗೆ ನೀರು ನುಸುಳಬಹುದಾದ ಕಡೆಗೆಲ್ಲ ರಬ್ಬರಿನ ಅಂಚು ಕಟ್ಟಿದ್ದಾರೆ. ಎಣಿಸಿದರೆ 81. ಯಾರು ಬಿಚ್ಚಿ ಎಣಿಸಿದರೋ, ಕಂಪನಿಯವರು ಹೇಳಿದರು, ನಾವು ನಂಬಿದೆವು. ಆ ಕಾಲಕ್ಕೆ ಕ್ಯಾನನ್ನಿನಲ್ಲಾಗಲಿ ನಿಕಾನಿನಲ್ಲಾಗಲಿ ಇಂಥ ಉಪಚಾರ ಬೇಕಿದ್ದರೆ ಮೇಲಿನ ದರ್ಜೆಯ ಟಿಕೆಟ್ಟು ತೆಗೆದುಕೊಳ್ಳಬೇಕಿತ್ತು. ಜನರಲ್ ಬೋಗಿಯಲ್ಲೇ ಹಾಸಿಗೆ ಹಾಸಿಕೊಟ್ಟವರು ಪೆಂಟಾಕ್ಸಿನವರು.

ಹಾಸಿಗೆಯೊಂದೇ ಅಲ್ಲ. ಆ ದರ್ಜೆಯ ಬೇರೆ ಕ್ಯಾಮೆರಾಗಳು ವ್ಯೂಫೈಂಡರಿನೊಳಗೆ ಕನ್ನಡಿ ತುಂಡು ಜೋಡಿಸಿ, ನಿಮ್ಮ ಚಿತ್ರದ ಶೇಕಡ 95 ತೋರಿಸಿ, ಉಳಿದ ಐದನ್ನು ನಿಮ್ಮ ಪುಣ್ಯಕ್ಕೆ ಬಿಡುತ್ತಿದ್ದವು. ಮನೆಗೆ ಬಂದು ನೋಡಿದರೆ ಮಂಗಟ್ಟೆಯ ಪಕ್ಕದಲ್ಲಿ ಕರೆಯದೇ ಬಂದ ಕರೆಂಟು ಕಂಬ. ಕೆ-50ರಲ್ಲಿ ಗಾಜಿನ ಪಟ್ಟಕ, ಶೇಕಡ 100 ನೋಟ. ಕೈ ನಡುಗಿದರೆ ಸಂಭಾಳಿಸುವ ವ್ಯವಸ್ಥೆ ಲೆನ್ಸಿನಲ್ಲಿಲ್ಲ, ಕ್ಯಾಮೆರಾದ ಒಡಲಲ್ಲೇ ಇದೆ. ಹಾಗಾಗಿ ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕ, 1975ರಿಂದೀಚಿನ ಯಾವ ಕೆ-ಮೌಂಟ್ ಲೆನ್ಸು ತೊಡಿಸಿದರೂ ಅದು 'ನಿನ್ನ ಫೋಕಲ್ ಲೆಂಗ್ತ್ ಎಷ್ಟಪ್ಪ?' ಎಂದು ವಿಚಾರಿಸಿ ಕೆಲಸಕ್ಕೆ ಕೂಡುತ್ತದೆ. ಬ್ಯಾಟರಿ ಮುಗಿದರೆ, ಹೋಲ್ಡರೊಂದನ್ನು ಬೇರೆಯಾಗಿ ಕೊಂಡವರು ಗೂಡಂಗಡಿಯ ನಾಲ್ಕು ಪೆನ್ಸಿಲ್ ಸೆಲ್ಲು ತುರುಕಬಹುದು. ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಓಡುತ್ತದಂತೆ. ಅದು ಷಿಕಾಗೋದಲ್ಲಿರುವ ಅಣ್ಣನ ಮಗನಿಗೆ ಉಪಯೋಗವಾದೀತು, ತೀರ್ಥಹಳ್ಳಿಯವರಿಗಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಆ ಮೀಸೆಯ ಕೆಳಗಿನ ನಗುವನ್ನು ಸ್ವಲ್ಪ ಇಳಿಸೋಣ.

ಮೊದಲನೆಯದಾಗಿ, ರಬ್ಬರು ಕ್ಯಾಮೆರಾದಲ್ಲಿದ್ದರೆ ಸಾಲದು, ಲೆನ್ಸಿನಲ್ಲೂ ಬೇಕು. 'ಡಬ್ಲ್ಯೂಆರ್' ಎಂದು ಬರೆದ ಲೆನ್ಸಿನ ಬುಡದಲ್ಲಿ ಒಂದು ರಬ್ಬರ್ ಬಳೆ ಇರುತ್ತದೆ. ಅದಿಲ್ಲದ ಲೆನ್ಸು ಹಾಕಿ ಮಳೆಗೆ ನಿಂತರೆ ಮುಂಬಾಗಿಲು ತೆರೆದಿಟ್ಟು ಕಿಟಕಿಗೆಲ್ಲ ಚಿಲಕ ಹಾಕಿದ ಹಾಗಾಯಿತು. ಅಜ್ಜನ ಪೆಟ್ಟಿಗೆಯ ಲೆನ್ಸಿನ ಸಂಭ್ರಮ ಇಲ್ಲಿಗೆ ಮುಗಿಯಿತು. ಮಳೆಯಲ್ಲಿ ನಿಂತು ಲೆನ್ಸು ಬದಲಾಯಿಸುವ ಶೂರರೂ ಇದ್ದಾರೆ, ಅವರ ವಿಷಯ ಬೇಡ.

ಎರಡನೆಯದು, ಸೀಲು ತಡೆಯುವುದು ತುಂತುರನ್ನು, ಎರಚಲನ್ನು, ಧೂಳನ್ನು. ಹಳ್ಳಕ್ಕೆ ಬಿದ್ದರೆ 81 ರಬ್ಬರೂ ಕೈಕಟ್ಟಿ ಕೂರುತ್ತವೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಸೀಲಿನ ಐಶ್ವರ್ಯ ಬಂದವನು ನಡುಮಧ್ಯಾಹ್ನದ ಜಡಿಮಳೆಯಲ್ಲೂ ಕೊಡೆ ಹಿಡಿಯುವುದಿಲ್ಲ. ಸರಿ, ಹಿಡಿಯಬೇಡ. ಆದರೆ ಲೆನ್ಸಿನ ಮೂತಿಯ ಮೇಲೆ ಕೂತ ಹನಿಗೆ ಯಾವ ಸೀಲು? ಕ್ಯಾಮೆರಾಕ್ಕೆ ಏನೂ ಆಗುವುದಿಲ್ಲ, ಚಿತ್ರದ ನಟ್ಟನಡುವೆ ಮಾತ್ರ ಮಬ್ಬು ಗುಳ್ಳೆ. ಒರೆಸಲು ಜೇಬಿಗೆ ಕೈ ಹಾಕಿದರೆ ಕರವಸ್ತ್ರ ಅದಕ್ಕಿಂತ ಒದ್ದೆ. ಅಷ್ಟರಲ್ಲಿ ಕಾಲಿಗೆ ಇಂಬಳ ಹತ್ತಿರುತ್ತದೆ.

ಮೂರನೆಯದು ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಶತ್ರು, ಬೂಷ್ಟು. ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ಮುಗಳನ್ನು ಮುಗಿಸಿದ ಮೇಲೆ ಅದು ಲೆನ್ಸಿನ ಗಾಜಿಗೆ ಬರುತ್ತದೆ. ಮಳೆ ಹೊರಗಿನಿಂದ ಬಡಿಯುತ್ತದೆ, ತೇವ ಗಾಳಿಯ ಜೊತೆ ಸದ್ದಿಲ್ಲದೆ ಒಳಗೆ ಸೇರುತ್ತದೆ. ಜೂಮ್ ತಿರುಗಿಸಿದಾಗಲೆಲ್ಲ ಲೆನ್ಸು ಉಸಿರೆಳೆದುಕೊಳ್ಳುತ್ತದೆ, ರಬ್ಬರು ಆ ಉಸಿರಿಗೆ ಅಡ್ಡ ಬರುವುದಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು ನೆನೆದ ಕ್ಯಾಮೆರಾವನ್ನು 'ಅಯ್ಯೋ ಪಾಪ' ಎಂದು ಬೆಚ್ಚಗೆ ಚೀಲದಲ್ಲಿ ಮುಚ್ಚಿಡುವುದು. ಒರೆಸಿ, ಗಾಳಿಗಿಟ್ಟು, ಆಮೇಲೆ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಬೇಕು. ಬೇಕಿದ್ದರೆ ಸಾರಿನ ಪುಡಿಯ ಡಬ್ಬಿಯಾದರೂ ಸರಿ, ಪುಡಿ ಖಾಲಿ ಮಾಡಿ.

ವಿಡಿಯೊದ ಬಗ್ಗೆ ಹೇಳುವುದೇನೂ ಇಲ್ಲ. ಹೊರಗಿನ ಮೈಕ್ ಚುಚ್ಚಲು ತೂತೇ ಇಲ್ಲ. ಬಹುಶಃ ಎಂಬತ್ತೆರಡನೆಯ ರಬ್ಬರು ದಂಡವಾದೀತೆಂದು ಬಿಟ್ಟಿರಬೇಕು.

ಈಗ ನಿಜವಾದ ಸಂಕಟ. ಈ ಕೆ-50 ಮತ್ತು ಅದರ ಅಣ್ಣ, 2012ರ ಕೆ-30, ಇವೆರಡಕ್ಕೂ ಜಗತ್ತಿನಾದ್ಯಂತ ಹೆಸರುವಾಸಿಯಾದ ಒಂದು ಕಾಯಿಲೆಯಿದೆ. ಲೆನ್ಸಿನ ಅಪರ್ಚರನ್ನು ಬೇಕಾದಷ್ಟಕ್ಕೆ ಹಿಡಿದು ನಿಲ್ಲಿಸುವ ಪುಟ್ಟ ಸೊಲೆನಾಯ್ಡೊಂದು ಒಳಗೆ ಅಂಟಿಕೊಂಡುಬಿಡುತ್ತದೆ. ಆಗ ಅಪರ್ಚರು ಪೂರ್ತಿ ಮುಚ್ಚಿಕೊಂಡು ಚಿತ್ರಗಳು ಕಪ್ಪುಕಪ್ಪು. ಅದೂ ಯಾವಾಗ? ಮಳೆಯಲ್ಲಿ ನೆನೆದಾಗ ಅಲ್ಲ. ಹೆಚ್ಚಿನ ಸಲ ಅದು ಕಾಣಿಸಿಕೊಳ್ಳುವುದು ತಿಂಗಳುಗಟ್ಟಲೆ ಬೀರುವಿನಲ್ಲಿ ಬೆಚ್ಚಗೆ ಕೂತೆದ್ದ ಮೇಲೆ. ನಾಲ್ಕಾರು ಸಲ ಕ್ಲಿಕ್ ಮಾಡಿದರೆ ಮೈಮುರಿದು ಸರಿಹೋಗುತ್ತದೆ, ಕ್ರಮೇಣ ಅದೂ ಇಲ್ಲ. ಆಗುಂಬೆಯ ಜಡಿಮಳೆಗೆ ಜಗ್ಗದ್ದು ಗಾಂಧಿಬಜಾರಿನ ಮನೆಯ ಒಣ ಕಪಾಟಿನಲ್ಲಿ ಮಲಗುತ್ತದೆ ಎಂದರೆ, ಅದನ್ನು ಕಟ್ಟಿದವರು ನಮ್ಮನ್ನು ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಕ್ಯಾಮೆರಾ ವರ್ಷಕ್ಕೆ ಎರಡು ದಿನ ನೆನೆಯುತ್ತದೆ, ಉಳಿದಷ್ಟು ದಿನ ರೇಷ್ಮೆ ಸೀರೆಯ ಪಕ್ಕದಲ್ಲಿರುತ್ತದೆ. ಸೀಲು ಬೇಕಿದ್ದದ್ದು ಆಲಸ್ಯಕ್ಕೆ.

ಅಪರ್ಚರ್ ರಿಂಗ್ ಇರುವ ಹಳೆಯ ಲೆನ್ಸುಗಳು ಈ ಕಾಯಿಲೆಯಲ್ಲೂ ಕೆಲಸ ಮಾಡುತ್ತವೆ, ರಿಂಗನ್ನು ಕೈಯಲ್ಲೇ ತಿರುಗಿಸಿದರಾಯಿತು. ಅಜ್ಜನ ಪೆಟ್ಟಿಗೆಗೆ ಮರ್ಯಾದೆ ವಾಪಸು ಬಂತು. ಆದರೆ ಆ ಲೆನ್ಸಿಗೆ ರಬ್ಬರ್ ಬಳೆಯಿಲ್ಲ, ಮಳೆಗೆ ಆಗುವುದಿಲ್ಲ. ಈಚಿನದು ನೋಡೋಣವೆಂದರೆ 2016ರಲ್ಲಿ ಬಂದ ಕೆ-70 ಇದೆ. 24 ಮೆಗಾಪಿಕ್ಸೆಲ್, ತಿರುಗುವ ಪರದೆ, ಮೈಕಿಗೆ ತೂತು, ಸೀಲು 100. ಆ ಕಪ್ಪು ಕಾಯಿಲೆಯ ದೂರು ಅದರ ಮೇಲೂ ಇದೆ.

ಇಷ್ಟಾದರೂ ನನ್ನ ಓಟು ಆ ಮೀಸೆಯವನಿಗೇ. ಮಳೆ ಬಂದಾಗ ಚೀಲ ಸೇರುವ ಒಳ್ಳೆಯ ಕ್ಯಾಮೆರಾಕ್ಕಿಂತ ಹೊರಗೆ ನಿಲ್ಲುವ ಸಾಧಾರಣ ಕ್ಯಾಮೆರಾ ಮೇಲು. ಮಲೆನಾಡಿನಲ್ಲಿ ನೋಡುವಂಥದ್ದೆಲ್ಲ ನಡೆಯುವುದು ಮಳೆಯಲ್ಲೇ. ಕೊಳ್ಳುವುದಿದ್ದರೆ ಈಗ ಸೆಕೆಂಡ್ ಹ್ಯಾಂಡೇ ಗತಿ. ಮಾರುವವನು ನಲ್ಲಿಯ ಕೆಳಗೆ ಹಿಡಿದು ತೋರಿಸಿದರೆ ಚಪ್ಪಾಳೆ ತಟ್ಟಬೇಡಿ. ಹಿಂದಿನ ವಾರವಿಡೀ ಮುಟ್ಟದೆ ಇಟ್ಟಿರು ಎಂದು ಹೇಳಿ ಹೋಗಿ, ನಿಮ್ಮ ಕೈಯಾರೆ ಹತ್ತು ಫೋಟೊ ತೆಗೆಯಿರಿ. ಮೊದಲನೆಯದೇ ಕಪ್ಪಾಗಿ ಬಂದರೆ, ಕಾಫಿ ಕೊಟ್ಟರೆ ಕುಡಿದು ವಾಪಸು ಬನ್ನಿ.