ಆ ಧೂಳನ್ನು ಒರೆಸಬೇಡಿ: ಮರುಭೂಮಿಯ ಬಂಡೆಚಿತ್ರ ನೋಡಹೊರಟವರಿಗೆ ಬಹಿರಂಗ ಪತ್ರ

ಮಾನ್ಯ ಪ್ರವಾಸಿಗರೇ,

ಸೌದಿ ಅರೇಬಿಯಾದ ಜುಬ್ಬಾ ಮತ್ತು ಶುವೈಮಿಸ್‌ನ ಬಂಡೆಚಿತ್ರಗಳು 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಇಂಥ ಚಿತ್ರದ ಮುಂದೆ ನಿಂತ ಯಾರಿಗಾದರೂ ‘ಇದು ಎಷ್ಟು ಹಳೆಯದು?’ ಎಂಬ ಪ್ರಶ್ನೆ ಏಳುವುದು ಸಹಜ. ಅದಕ್ಕೆ ಉತ್ತರ ಸಿಗುವುದೂ ಸಿಗದಿರುವುದೂ ನಿಮ್ಮ ಕೈಯಲ್ಲೂ ಇದೆ ಎಂದು ತಿಳಿಸಲು ಈ ಪತ್ರ.

ಇದ್ದಿಲಿನಿಂದ ಬರೆದ ಗುಹಾಚಿತ್ರವನ್ನು ಇಂಗಾಲದ ಪರೀಕ್ಷೆಗೆ ಒಡ್ಡಬಹುದು. ಕಲ್ಲಿನಲ್ಲಿ ಕೊರೆದ ಗೆರೆಯಲ್ಲಿ ಹಾಗೆ ಪರೀಕ್ಷಿಸಲು ಏನೂ ಇರುವುದಿಲ್ಲ. ಕೊರೆದವನು ಬಂಡೆಗೆ ಏನನ್ನೂ ಸೇರಿಸಿಲ್ಲ, ಬಂಡೆಯಿಂದ ಒಂದಿಷ್ಟು ತೆಗೆದಿದ್ದಾನೆ. ಶೈಲಿ ನೋಡಿ ಅಂದಾಜಿಸಿದರೆ ಎಷ್ಟು ತಪ್ಪಬಹುದು ಎಂಬುದಕ್ಕೆ ಸೌದಿಯದೇ ಅಲ್ ಜೌಫ್‌ನ ಕಲ್ಲಿನ ಒಂಟೆಗಳೇ ಸಾಕ್ಷಿ. ನಿಜ ಗಾತ್ರದ ಆ ಉಬ್ಬುಶಿಲ್ಪಗಳು ಜೋರ್ಡಾನಿನ ಪೆಟ್ರಾದ ಶಿಲ್ಪಗಳನ್ನು ಹೋಲುತ್ತವೆಂದು 2018ರಲ್ಲಿ ಅವಕ್ಕೆ ಸುಮಾರು 2,000 ವರ್ಷ ಎನ್ನಲಾಗಿತ್ತು. 2021ರಲ್ಲಿ ಪುರಾತತ್ವಜ್ಞೆ ಮರಿಯಾ ಗ್ವಾನಿನ್ ಮತ್ತು ಸಂಗಡಿಗರ ಅಧ್ಯಯನ ಆ ವಯಸ್ಸನ್ನು 7,000ದಿಂದ 8,000 ವರ್ಷಕ್ಕೆ ಏರಿಸಿತು.

ಅವರು ಶಿಲ್ಪವನ್ನಷ್ಟೇ ನೋಡಲಿಲ್ಲ. ಉಪಕರಣದ ಗುರುತು, ಕಲ್ಲಿನ ಸವೆತ, ಮೇಲೆ ಕಟ್ಟಿದ ಕಬ್ಬಿಣ-ಮ್ಯಾಂಗನೀಸಿನ ಕಪ್ಪು ಲೇಪ, ಕಳಚಿ ಬಿದ್ದ ಚೂರುಗಳು, ಮಣ್ಣಿನಡಿಯ ಮೂಳೆಗಳು, ಎಲ್ಲವನ್ನೂ ಒಟ್ಟಿಗಿಟ್ಟು ತೂಗಿದರು. ಒಂದೊಂದೇ ಸಾಕ್ಷ್ಯ ಸಾಲದು; ಆ ಕಪ್ಪು ಲೇಪ ಕೂಡ ಎಲ್ಲೆಡೆ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ಈಜಿಪ್ಟಿನ ಕುರ್ತಾದಲ್ಲಂತೂ ಕಾಡುದನಗಳ ಚಿತ್ರದ ಕಾಲ ತಿಳಿದದ್ದು ಅದನ್ನು ಮುಚ್ಚಿದ್ದ ಮರಳಿನಿಂದ. ಮರಳ ಕಣಗಳು ಕೊನೆಯದಾಗಿ ಬಿಸಿಲು ಕಂಡದ್ದು ಯಾವಾಗ ಎಂದು ಅಳೆದಾಗ ಚಿತ್ರಕ್ಕೆ ಕನಿಷ್ಠ 15,000 ವರ್ಷ ಎಂದು ಗೊತ್ತಾಯಿತು. ಅದಕ್ಕೂ ಎಷ್ಟು ಹಿಂದೆ ಕೊರೆದದ್ದು ಎಂಬುದನ್ನು ಆ ಮರಳು ಹೇಳಲಾರದು.

ಈಗ ನನ್ನ ಕೋರಿಕೆ. ಫೋಟೋದಲ್ಲಿ ಚೆನ್ನಾಗಿ ಕಾಣಲೆಂದು ಗೆರೆಗಳ ಮೇಲೆ ಸೀಮೆಸುಣ್ಣ ತೀಡಬೇಡಿ, ನೀರು ಚಿಮುಕಿಸಬೇಡಿ, ಬಟ್ಟೆಯಿಂದ ಉಜ್ಜಬೇಡಿ. ಬುಡದಲ್ಲಿ ಬಿದ್ದ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಬಂಡೆಯಡಿಯ ಮಣ್ಣನ್ನು ಕೆದಕಬೇಡಿ. ಹೂತ ಮರಳಿಗೆ ಒಮ್ಮೆ ಬಿಸಿಲು ತಗುಲಿದರೆ ಅದರಲ್ಲಿ ಸಾವಿರಾರು ವರ್ಷ ಕೂಡಿಟ್ಟ ಲೆಕ್ಕ ಅಳಿಸಿಹೋಗುತ್ತದೆ. ಚಿತ್ರಕ್ಕೆ ಒಂದು ಗೀರೂ ಆಗದೆ, ಅದರ ಕಾಲ ಮಾತ್ರ ಶಾಶ್ವತವಾಗಿ ಕಳೆದುಹೋಗಬಹುದು.

ಬೆಳಗ್ಗೆ ಅಥವಾ ಸಂಜೆ ಹೋಗಿ. ಓರೆಬಿಸಿಲಿನಲ್ಲಿ ಗೆರೆಗಳು ತಾವಾಗಿ ಎದ್ದು ಕಾಣುತ್ತವೆ. ಜೊತೆಗಿರುವ ಗೈಡ್ ನೀರಿನ ಬಾಟಲಿ ತೆಗೆದರೆ ತಡೆಯಿರಿ. ಇಂದಿನ ಉಪಕರಣಗಳಿಗೆ ಸಿಗದ ಉತ್ತರ ನಾಳೆಯವರಿಗೆ ಸಿಗಬೇಕಾದರೆ ಪುರಾವೆ ಇದ್ದಲ್ಲೇ ಇರಬೇಕು.

ಇಂತಿ,
ಬಂಡೆಚಿತ್ರಗಳನ್ನು ಪ್ರೀತಿಸುವ ಒಬ್ಬ ಕನ್ನಡಿಗ