ಮೂರೂವರೆ ಅಡಿಯ ಬೆಡ್‌ರೂಮು

ಡೊಂಬಿವಲಿ ಪೂರ್ವದಲ್ಲಿ ಈಗ ಮಾತೆತ್ತಿದರೆ ರೀಡೆವಲಪ್‌ಮೆಂಟು. ಹೋಟೆಲಿನ ಸಂಬಳಕ್ಕೆ ಊರಿನ ಅಡಿಕೆ ದುಡ್ಡು ಸೇರಿಸಿ ನಮ್ಮ ಹಿರಿಯರು ಕೊಂಡ ಫ್ಲಾಟುಗಳ ಸ್ಲ್ಯಾಬು ಉದುರತೊಡಗಿದೆ. ಹೊಸ ಕಟ್ಟಡದ ಪ್ಲಾನು ಪಿಡಿಎಫ್ ಆಗಿ ಸೊಸೈಟಿಯ ವಾಟ್ಸ್ಯಾಪಿಗೆ ಬಂತು. ಸೆಕ್ರೆಟರಿ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಮನೆಮನೆಗೆ ಹಂಚಿದರು.

ಎರಡನೇ ಮಹಡಿಯ ರಾಯರು ರೈಲ್ವೆಯ ಅಕೌಂಟ್ಸಿನಲ್ಲಿ ಜೀವ ಸವೆಸಿದವರು. ಹಾಳೆಯ ಮೇಲಿನ ಅಂಕಿಗಳೆಲ್ಲ ಇರುವೆ ಸಾಲು. ಓದಲು ಬಂದದ್ದು ಮೂಲೆಯ 1:100 ಒಂದೇ. ಅಂದರೆ ಸೆಂಟಿಮೀಟರಿಗೆ ಒಂದು ಮೀಟರು. ಸ್ಟೀಲಿನ ಸ್ಕೇಲು ತಂದು ಅಳೆದರು. ಹತ್ತಡಿ ಅಂದಿದ್ದ ಬೆಡ್‌ರೂಮು ಸರಿಯಾಗಿ ಮೂರೂವರೆ ಅಡಿ!

ಸಂಜೆಯ ಮೀಟಿಂಗು ಮೂರು ಭಾಷೆಗಳಲ್ಲಿ ಹತ್ತಿಕೊಂಡಿತು. 'ನಿಂತುಕೊಂಡೇ ಮಲಗಬೇಕೇನು?' ಎಂದು ರಾಯರು ಕೇಳಿದ್ದಕ್ಕೆ 'ಕಲ್ಯಾಣ್ ಲೋಕಲ್ಲಿನಲ್ಲಿ ಅಭ್ಯಾಸ ಇದೆಯಲ್ಲ' ಎಂದು ಯಾರೋ ಹಿಂದಿನಿಂದ ಅಂದರು.

ಗುಟ್ಟು ಬಿಡಿಸಿದ್ದು ಐರೋಲಿಯಲ್ಲಿ ಕಂಪ್ಯೂಟರ್ ಕೆಲಸದ ರಾಯರ ಮಗ. ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿದ: ಪುಟದ ಅಳತೆ 210 x 297 ಮಿಲಿಮೀಟರು, ಬರೀ ಎ4. ಮೂಲ ನಕ್ಷೆ ಎ1, ಅಂದರೆ 594 x 841. ಪಿಡಿಎಫ್ ಮಾಡಿದ ಪುಣ್ಯಾತ್ಮ ಪ್ರಿಂಟರಿನ ಕಾಗದ ಯಾವುದೆಂದು ನೋಡದೆ 'ಫಿಟ್' ಒತ್ತಿದ್ದ. ಎ1 ಮೂರು ಸಲ ಅರ್ಧವಾದರೆ ಎ4; ಉದ್ದ ಅಗಲಗಳು ನೂರಕ್ಕೆ ಮೂವತ್ತೈದಾಗುತ್ತವೆ. ಗೋಡೆ ಕುಗ್ಗಿತು, ಬಾತ್‌ರೂಮು ಕುಗ್ಗಿತು, 1:100 ಮಾತ್ರ ಜಪ್ಪಯ್ಯ ಅನ್ನಲಿಲ್ಲ.

1993ರಲ್ಲಿ ಅಡೋಬಿಯವರು ಪಿಡಿಎಫ್ ಹೊರತಂದದ್ದೇ ಪುಟ ಎಲ್ಲಿಗೆ ಹೋದರೂ ಇದ್ದ ಹಾಗೇ ಇರಲಿ ಅಂತ. ಒಂದೇ ಫೈಲಿನಲ್ಲಿ ಪ್ರತಿ ಪುಟಕ್ಕೂ ಅದರದ್ದೇ ಅಳತೆ ಇರಬಹುದು, ಅದಕ್ಕೇನೂ ತಕರಾರಿಲ್ಲ. ತಕರಾರು ನಮ್ಮದು. ವರ್ಡಿನಲ್ಲಿ ನೇರವಾಗಿ ಪಿಡಿಎಫ್ ಆಗಿ ಸೇವ್ ಮಾಡಿದರೆ ದಾಖಲೆಯ ಕಾಗದವೇ ಉಳಿಯುತ್ತದೆ. ಪ್ರಿಂಟಿನ ದಾರಿಯಲ್ಲಿ ಹೋದರೆ ಪ್ರಿಂಟರು ಹೇಳಿದ್ದೇ ಕಾಗದ. ನನ್ನ ಫ್ಲಾಟಿನ ಹಳೆಯ ಅಗ್ರಿಮೆಂಟು ಲೀಗಲ್ ಹಾಳೆಯದು, 356 ಮಿಲಿಮೀಟರು ಉದ್ದ. ಅದನ್ನು ಎ4ಗೆ ಅದುಮಿದರೆ ಆರರಲ್ಲೊಂದು ಪಾಲು ಸೊರಗುತ್ತದೆ. ಅದುಮದೆ ಕತ್ತರಿಸಿದರೆ ಹೋಗುವುದು ತಳದ ಸಹಿ, ಮುದ್ರೆ. ಸುಪ್ರೀಂ ಕೋರ್ಟು 2020ರ ಏಪ್ರಿಲ್ 1ರಿಂದ ಎ4ಗೆ ಬಂದಿದೆ, ಸರಿ. ಬೀರುವಿನಲ್ಲಿರುವ ಅಗ್ರಿಮೆಂಟಿಗೆ ಅದು ಗೊತ್ತಿರಬೇಕಲ್ಲ!

ಅಂತೂ ಅಸಲಿ ಅಳತೆಯ ಫೈಲು ತರಿಸಿದ್ದಾಯಿತು. ಥಾಣೆಗೆ ಹೋಗಿ ಪ್ಲಾಟರಿನಲ್ಲಿ, ಮರೆಯದೆ 'ಆ್ಯಕ್ಚುವಲ್ ಸೈಜ್' ಹೇಳಿ, ಪ್ರಿಂಟು ಹಾಕಿಸಿದ್ದೂ ಆಯಿತು. ಸೊಸೈಟಿಯ ಮೇಜು ಸಾಲದೆ ಕೇರಂ ಬೋರ್ಡಿನ ಮೇಲೆ ಹಾಸಿದರು. ಬೆಡ್‌ರೂಮು ಹತ್ತಡಿಯೇ ಇತ್ತು. ಎ4ನಲ್ಲಿ ಚುಕ್ಕೆಯಾಗಿದ್ದ ಒಂದು ಸಾಲೂ ಈಗ ಕಣ್ಣಿಗೆ ಬಿತ್ತು: ನಕ್ಷೆಯನ್ನು ಸ್ಕೇಲಿನಿಂದ ಅಳೆಯಬಾರದು, ಬರೆದ ಅಳತೆಯನ್ನಷ್ಟೇ ಪಾಲಿಸಬೇಕು.

ರಾಯರು ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದರು.

'ಹೀಗೆ ಬರೀತಾನೆ ಅಂದ್ರೆ ಏನೋ ಮುಚ್ಚಿಡ್ತಿದಾನೆ' ಎಂದವರೇ ಅಡುಗೆಮನೆಗೆ ಸ್ಕೇಲಿಟ್ಟರು.